ಜಝರಿಯ ಪಂಪಿನಿಂದ ಜೆಸಿಬಿಯ ತನಕ

ರಸ್ತೆ ಬದಿಯಲ್ಲಿ ಮಣ್ಣು ಅಗೆಯುವ ಜೆಸಿಬಿಯನ್ನು ನೀವೆಲ್ಲ ನೋಡಿದ್ದೀರಿ. ಅದರ ತೋಳನ್ನು ಎತ್ತುವುದು ಹಗ್ಗವಲ್ಲ, ಸರಪಳಿಯಲ್ಲ. ಸಿಲಿಂಡರಿನೊಳಗೆ ಪಿಸ್ಟನ್ ತಳ್ಳುವ ಎಣ್ಣೆ. ಬಸ್ಸಿನ ಚಾಲಕ ಬ್ರೇಕ್ ಒತ್ತಿ ಬಿಟ್ಟಾಗ 'ಉಸ್' ಎಂದು ಹೊರಬರುವುದು ಅದುಮಿಟ್ಟ ಗಾಳಿ. ಮೊದಲನೆಯದು ಹೈಡ್ರಾಲಿಕ್, ಎರಡನೆಯದು ನ್ಯೂಮ್ಯಾಟಿಕ್. ಈ ವಿದ್ಯೆಯ ಚರಿತ್ರೆಯಲ್ಲಿ ನೀವು ತಿಳಿದಿರಬೇಕಾದ ಒಂದು ಅಧ್ಯಾಯವಿದೆ.

9ನೇ ಶತಮಾನದ ಬಗ್ದಾದಿನಲ್ಲಿ ಮುಹಮ್ಮದ್, ಅಹ್ಮದ್, ಹಸನ್ ಎಂಬ ಮೂವರು ಸಹೋದರರಿದ್ದರು. 'ಬನೂ ಮೂಸಾ' ಎಂದೇ ಖ್ಯಾತರು. ಸುಮಾರು 850ರಲ್ಲಿ ಅವರು ರಚಿಸಿದ 'ಕಿತಾಬುಲ್ ಹಿಯಲ್' ನೂರರಷ್ಟು ಸಾಧನಗಳನ್ನು ವಿವರಿಸುತ್ತದೆ. ಹೆಚ್ಚಿನವು ವಿನೋದದ ಹೂಜಿಗಳು, ಕಾರಂಜಿಗಳು. ಆಟಿಕೆಗಳೆಂದು ತಳ್ಳಿಹಾಕಬೇಡಿ. ನೀರು ಮತ್ತು ಗಾಳಿಯ ಒತ್ತಡದ ಸಣ್ಣ ವ್ಯತ್ಯಾಸದಿಂದಲೇ ಕೆಲಸ ಮಾಡುವ ಕವಾಟಗಳು ಅವುಗಳಲ್ಲಿವೆ.

ದಿಯಾರ್‌ಬಕಿರ್‌ನ ಅರ್ತುಕಿದ್ ಅರಸರ ಆಸ್ಥಾನದಲ್ಲಿದ್ದ ಅಲ್ ಜಝರಿ 1206ರಲ್ಲಿ ತನ್ನ ಗ್ರಂಥ ಮುಗಿಸಿದ. ಅದರಲ್ಲಿರುವ ಒಂದು ಪಂಪನ್ನು ಗಮನಿಸಿ. ಹರಿಯುವ ನೀರು ಚಕ್ರವನ್ನು ತಿರುಗಿಸುತ್ತದೆ. ಆ ತಿರುಗಾಟ ಎದುರುಬದುರಾಗಿ ಮಲಗಿಸಿದ ಎರಡು ಪಿಸ್ಟನ್‌ಗಳ ಹಿಂದುಮುಂದಿನ ಓಟವಾಗುತ್ತದೆ. ಒಂದು ನೀರನ್ನು ಎಳೆದುಕೊಳ್ಳುವಾಗ ಇನ್ನೊಂದು ಮೇಲಕ್ಕೆ ತಳ್ಳುತ್ತದೆ. ನೀರು ಹಿಂದಕ್ಕೆ ಓಡದಂತೆ ಕವಾಟಗಳಿವೆ. ಪಿಸ್ಟನ್ ಎಂದರೆ ಎರಡು ತಾಮ್ರದ ಬಿಲ್ಲೆ. ನಡುವಿನ ಜಾಗಕ್ಕೆ ಸೆಣಬಿನ ಹುರಿ ಸುತ್ತಿದ್ದಾನೆ, ನೀರು ಸೋರಬಾರದಲ್ಲ!

ಹಾಗೆಂದು ಎಲ್ಲವೂ ನಮ್ಮವರದೇ ಎಂದು ಬೀಗುವುದು ಸರಿಯಲ್ಲ. ಕ್ರಿ.ಪೂ. 3ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ಪಿಸ್ಟನ್ ಪಂಪ್ ಮಾಡಿದ್ದ. ಜಝರಿ ಕೂಡ ಬನೂ ಮೂಸಾರ ಕಾರಂಜಿಗಳನ್ನು ಹೆಸರಿಸಿಯೇ ಅವುಗಳ ಕೊರತೆ ಹೇಳುತ್ತಾನೆ. ಆತನ ಪಂಪಿನಿಂದ ನೀರು ಮೇಲೇರಿತು. ಒತ್ತಡದಿಂದ ಬಲವನ್ನೇ ಹೆಚ್ಚಿಸಬಹುದೆಂಬ ನಿಯಮ ಸ್ಪಷ್ಟವಾದದ್ದು ಫ್ರಾನ್ಸಿನ ಪಾಸ್ಕಲ್‌ನಿಂದ. ಆತ ತೀರಿಕೊಂಡ ಮರುವರ್ಷ, 1663ರಲ್ಲಿ ಅದು ಅಚ್ಚಾಯಿತು.

ನಿಯಮ ಸರಳ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. 1 ಚದರ ಸೆಂ.ಮೀ. ಪಿಸ್ಟನ್ ಮೇಲೆ 1 ಕಿಲೋ ಭಾರವಿಟ್ಟರೆ, 100 ಚದರ ಸೆಂ.ಮೀ. ಪಿಸ್ಟನ್ 100 ಕಿಲೋ ಹೊರುತ್ತದೆ. ಪುಕ್ಕಟೆ ಲಾಭವೇನಲ್ಲ: ದೊಡ್ಡದು 1 ಸೆಂ.ಮೀ. ಏರಲು ಚಿಕ್ಕದು 100 ಸೆಂ.ಮೀ. ಇಳಿಯಬೇಕು. ಗಾಳಿಯಾದರೋ ಅದುಮಿದರೆ ಕುಗ್ಗುತ್ತದೆ, ಸ್ಪ್ರಿಂಗಿನಂತೆ. ಆದ್ದರಿಂದ ಭಾರವನ್ನು ಎತ್ತಿ ಅಲುಗದಂತೆ ಹಿಡಿದಿಡಲು ಎಣ್ಣೆಯೇ ಬೇಕು. ಗಾಳಿಯನ್ನಾದರೆ ತೊಟ್ಟಿಯಲ್ಲಿ ತುಂಬಿಟ್ಟು ಬೇಕಾದಾಗ ಬಳಸಿ, ಹೊರಗೆ ಬಿಟ್ಟುಬಿಡಬಹುದು.

1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮ ಈ ನಿಯಮದ ಮೇಲೆ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಅವನನ್ನೂ ಕಾಡಿದ್ದು ಸೋರಿಕೆಯೇ. ಕೊನೆಗೆ ಬಟ್ಟಲಿನಾಕಾರದ ಚರ್ಮದ ಬಳೆ ಕೈಹಿಡಿಯಿತು. ಒತ್ತಡ ಏರಿದಷ್ಟೂ ಅದು ಬಿಗಿಯಾಗುತ್ತದೆ. ಇದರ ಶ್ರೇಯಸ್ಸನ್ನು ಅವನ ಕೆಲಸಗಾರ ಹೆನ್ರಿ ಮಾಡ್ಸ್ಲಿಗೆ ಕೊಡುತ್ತಾರೆ. ಜಝರಿ ಸೆಣಬು ಸುತ್ತಿದ ಜಾಗದಲ್ಲಿ ಇಂದು ರಬ್ಬರಿನಂಥ ವಸ್ತುವಿನ ಸೀಲ್ ಕುಳಿತಿದೆ. ಜೆಸಿಬಿಯ ತೋಳು ಎತ್ತಿದಲ್ಲಿ ನಿಲ್ಲದೆ ಮೆಲ್ಲಗೆ ಇಳಿಯತೊಡಗಿದರೆ ಮೆಕ್ಯಾನಿಕ್ ಅದನ್ನೂ ಬಿಚ್ಚಿ ನೋಡುತ್ತಾನೆ.