ಉಪ್ಪಿನ ಸೆಳೆತ, ನರದ ಸೆಳೆತ

1928ರ ಮೇ 26ರಂದು ಬೊಂಬಾಯಿಯಿಂದ ಬಂದ ‘ಪದ್ಮಾ’ ಎಂಬ ಹಬೆಹಡಗು ಕೊಚ್ಚಿಯ ಒಳಬಂದರನ್ನು ಪ್ರವೇಶಿಸಿತು. ಅಳಿವೆಯ ಮರಳುದಿಬ್ಬ ಕಡಿಸಿ ದಾರಿ ಮಾಡಿಸಿದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಹೆಸರನ್ನು ಆ ಊರು ಇನ್ನೂ ನೆನೆಯುತ್ತದೆ. ಅಂಥ ಹಡಗುಗಳ ತಳದಲ್ಲಿ ಕುಲುಮೆಗೆ ಕಲ್ಲಿದ್ದಲು ಎಸೆಯುತ್ತಿದ್ದವರನ್ನು ನೆನೆಯುವವರು ಕಡಿಮೆ. ವೈದ್ಯಶಾಸ್ತ್ರದಲ್ಲಿ ಮಾತ್ರ ಅವರ ನೋವು ಹೆಸರಾಗಿ ಉಳಿದಿದೆ: ಸ್ಟೋಕರ್‌ಗಳ ಸೆಳೆತ. ಬಿಸಿಯಲ್ಲಿ ದುಡಿದು ದಣಿದವರ ಕೈಕಾಲು, ಹೊಟ್ಟೆಯ ಸ್ನಾಯುಗಳು ಗಂಟುಕಟ್ಟುತ್ತಿದ್ದವು. ಓಟ ಮುಗಿಸಿದವರ ಮೀನಖಂಡ ಹಿಡಿದುಕೊಂಡಾಗ ನಾವು ‘ಉಪ್ಪು ಕಡಿಮೆಯಾಗಿದೆ’ ಎನ್ನುತ್ತೇವಲ್ಲ, ಆ ಮಾತು ಹುಟ್ಟಿದ್ದು ಇಂಥ ಕೆಲಸಗಾರರಿಂದ.

1923ರಲ್ಲಿ ಕೆ. ನೆವಿಲ್ ಮಾಸ್ ಬ್ರಿಟನ್ನಿನ ಬಿಸಿ ಗಣಿಗಳ ಕಾರ್ಮಿಕರನ್ನು ಅಭ್ಯಸಿಸಿ ಒಂದು ವಿವರಣೆ ಕೊಟ್ಟರು. ಬೆವರಿನಲ್ಲಿ ಉಪ್ಪು ಹೋಗುತ್ತದೆ. ಅದರ ಮೇಲೆ ಬರಿ ನೀರನ್ನೇ ಹೊಟ್ಟೆತುಂಬ ಕುಡಿದರೆ ಉಳಿದ ಉಪ್ಪೂ ತೆಳುವಾಗುತ್ತದೆ. ಕುಡಿಯುವ ನೀರಿಗೆ ಸ್ವಲ್ಪ ಉಪ್ಪು ಬೆರೆಸುವುದೇ ಮದ್ದಾಯಿತು. 1930ರ ದಶಕದಲ್ಲಿ ಅಮೆರಿಕದ ಹೂವರ್ ಅಣೆಕಟ್ಟಿನ ಕೆಲಸಗಾರರನ್ನು ನೋಡಿದ ಹಾರ್ವರ್ಡ್ ವಿಜ್ಞಾನಿಗಳೂ ಉಪ್ಪಿನತ್ತಲೇ ಬೆರಳು ತೋರಿಸಿದರು.

ಇದೇ ವಿವರಣೆಯನ್ನು ಆಟದ ಮೈದಾನಕ್ಕೆ ತಂದಾಗ ತೊಡಕಾಯಿತು. ಬೆವರು ಇಡೀ ಮೈಯ ಉಪ್ಪನ್ನು ಒಯ್ಯುತ್ತದೆ. ಹಾಗಿದ್ದರೆ ಹೆಚ್ಚು ದುಡಿದ ಒಂದೇ ಮೀನಖಂಡ ಹಿಡಿದುಕೊಳ್ಳುವುದೇಕೆ? ಪಾದವನ್ನು ಮೊಣಕಾಲಿನತ್ತ ಎಳೆದು ಹಿಡಿದರೆ, ಒಂದು ಹನಿ ನೀರೂ ಒಳಹೋಗದೆ ಸೆಳೆತ ಬಿಡುವುದೇಕೆ?

1997ರಲ್ಲಿ ದಕ್ಷಿಣ ಆಫ್ರಿಕದ ಮಾರ್ಟಿನ್ ಶ್ವೆಲ್ನಸ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಸ್ನಾಯುವಿನೊಳಗಿನ ಒಂದು ಬಗೆಯ ಗ್ರಾಹಕ ‘ಸಂಕುಚಿಸು’ ಎಂಬ ಸಂದೇಶವನ್ನು ಬೆನ್ನುಹುರಿಗೆ ಕಳಿಸುತ್ತದೆ; ಸ್ನಾಯುರಜ್ಜುವಿನಲ್ಲಿರುವ ಇನ್ನೊಂದು ‘ಸಾಕು’ ಎನ್ನುತ್ತದೆ. ದಣಿದಾಗ ಮೊದಲನೆಯದರ ದನಿ ಏರುತ್ತದೆ, ಎರಡನೆಯದರದು ಕುಗ್ಗುತ್ತದೆ. ಆಗ ನರ ಬಿಡದೆ ಆಜ್ಞೆ ಕೊಡುತ್ತದೆ, ಸ್ನಾಯು ಬಿಗಿಯುತ್ತದೆ. ಸ್ನಾಯುವನ್ನು ಎಳೆದು ಹಿಡಿದಾಗ ರಜ್ಜುವಿನ ‘ಸಾಕು’ ಮತ್ತೆ ಕೇಳಿಸುತ್ತದೆ. ಓಟದ ನಂತರ ರೆಪ್ಪೆಯೋ ತೊಡೆಯೋ ಪಟಪಟ ಅದುರುವುದೂ ನರದ ತುದಿಯ ಚಿಕ್ಕ ಕಿಡಿಯೇ. ಸಾಮಾನ್ಯವಾಗಿ ತಾನಾಗಿ ಆರುತ್ತದೆ.

ಮಲಯಾಳದಲ್ಲಿ ಸೆಳೆತಕ್ಕೆ ‘ಉರುಂಡುಕಯಟ್ಟಂ’ ಎನ್ನುತ್ತಾರೆ: ಉರುಳಿ ಮೇಲೇರುವುದು. ಕಣ್ಣಿಗೆ ಕಂಡದ್ದನ್ನೇ ಹೇಳುವ ಮಾತು. ನಾವು ‘ನರ ಹಿಡಿಯಿತು’ ಎನ್ನುತ್ತೇವೆ. ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂದು ಬೀಗಬೇಕಿಲ್ಲ. ಕನ್ನಡದ ‘ನರ’ ರಕ್ತನಾಳವನ್ನೂ ಸ್ನಾಯುರಜ್ಜುವನ್ನೂ ಒಳಗೊಳ್ಳುತ್ತಿತ್ತು.

ಸೆಳೆತ ಮೈಯ ಅಭ್ಯಾಸ ಮೀರಿದ ದಣಿವಿನದಾದರೆ, ಮದ್ದಿಗಿಂತ ಮೊದಲು ಬೇಕಾದದ್ದು ಅಭ್ಯಾಸ. ತಿರುವನಂತಪುರದ ಪೂರ್ವಕೋಟೆಯ ಬಳಿ ಸಿ.ವಿ. ಗೋವಿಂದನ್‌ಕುಟ್ಟಿ ನಾಯರ್ 1956ರಲ್ಲಿ ಆರಂಭಿಸಿದ ಸಿ.ವಿ.ಎನ್. ಕಳರಿ ಇದೆ. ಕಳರಿಪಯಟ್ಟಿನ ಪಾಠ ಕತ್ತಿಯಿಂದ ಶುರುವಾಗುವುದಿಲ್ಲ. ಕಾಲು ಬೀಸುವುದರಿಂದ, ಮೈ ಪಳಗಿಸುವುದರಿಂದ ಶುರುವಾಗುತ್ತದೆ. ಆಯುಧ ಆಮೇಲೆ.

ಹಾಗೆಂದು ಉಪ್ಪಿನ ಕಥೆ ಸುಳ್ಳಾಗಲಿಲ್ಲ. ಬೇಸಿಗೆ ಬಿರುಸಾದಾಗ ಕೇರಳದ ಕಾರ್ಮಿಕ ಇಲಾಖೆ ಬಿಸಿಲಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಡುವು ಕೊಡಬೇಕೆಂದು ಆದೇಶಿಸುತ್ತದೆ. ಕೊಚ್ಚಿಯಲ್ಲಿ ಕಟ್ಟಡ ಕಟ್ಟಲು ಬಂಗಾಳ, ಅಸ್ಸಾಮಿನಿಂದ ಬಂದವರ ಕೈಕಾಲು, ಹೊಟ್ಟೆ ಒಟ್ಟಿಗೆ ಹಿಡಿದುಕೊಂಡರೆ ಅದು ಹಡಗಿನ ತಳದವರ ಹಳೆಯ ಸೆಳೆತವೇ. ಅವರಿಗೆ ನೆರಳು ಬೇಕು, ಉಪ್ಪು ಹಾಕಿದ ಗಂಜಿನೀರು ಬೇಕು. ತಲೆಸುತ್ತು, ಗೊಂದಲ ಇಲ್ಲವೇ ಕಡುಗಂದು ಮೂತ್ರ ಕಂಡರೆ ಕೂಡಲೇ ವೈದ್ಯರು ಬೇಕು. ಬೆಳಗಿನ ಓಟಗಾರನಿಗೆ ಸಾಮಾನ್ಯವಾಗಿ ಕಾಲು ಚಾಚಿ ಕೂರಲು ಎರಡು ನಿಮಿಷ ಸಾಕು.

ಕೆಲಸಗಾರರ ಮೈಯಿಂದ ಕಲಿತ ಪಾಠವನ್ನು ನಾವು ಬಾಟಲಿಗೆ ತುಂಬಿ ಓಟಗಾರರಿಗೆ ಮಾರಿದೆವು. ಅದು ಮೊದಲು ತಲುಪಬೇಕಾದದ್ದು ಬಿಸಿಲಲ್ಲಿ ನಿಂತವರಿಗೆ.