ಪ್ರಾಣವಾಯುವಿಗೂ ಒಂದು ಲಕ್ಷ್ಮಣರೇಖೆ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡಿ ಬಂದವರು ಖುಷಿಯಿಂದ ವಿಡಿಯೋ ತೋರಿಸ್ತಾರೆ. "ಬೆನ್ನಿಗೆ ಆಕ್ಸಿಜನ್ ಸಿಲಿಂಡರ್ ಕಟ್ಕೊಂಡು ಇಳಿದ್ವಿ" ಅಂತಾರೆ. ಅದು ಆಕ್ಸಿಜನ್ ಅಲ್ಲ ಸ್ವಾಮಿ. ನಾವು ನೀವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಶುದ್ಧ ಆಕ್ಸಿಜನ್ ತುಂಬಿಕೊಂಡು 20 ಮೀಟರ್ ಇಳಿದರೆ ಏನಾಗಬಹುದು ಗೊತ್ತಾ? ಕೈಕಾಲು ಸೆಟೆದು ಫಿಟ್ಸ್ ಬರಬಹುದು. ಉಸಿರಾಟದ ಕೊಳವೆ ಬಾಯಿಂದ ಜಾರಿದರೆ ಅಲ್ಲಿಗೆ ಮುಗೀತು.

2021ರಲ್ಲಿ ಒಂದು ಸಿಲಿಂಡರ್‌ಗಾಗಿ ಊರೂರು ಅಲೆದವರು ನಾವು. ಪ್ರಾಣವಾಯು ಪ್ರಾಣ ತೆಗೆಯುತ್ತೆ ಅಂದರೆ ನಂಬೋದು ಕಷ್ಟ. ಆದರೆ ಅತಿಯಾದರೆ ಅಮೃತವೂ ವಿಷ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಇದನ್ನು ಮೊದಲು ಪ್ರಯೋಗದಿಂದ ತೋರಿಸಿದವರು ಫ್ರಾನ್ಸಿನ ಪಾಲ್ ಬೇರ್. ಹೆಚ್ಚಿನ ಒತ್ತಡದ ಆಕ್ಸಿಜನ್‌ನಲ್ಲಿ ಪ್ರಾಣಿಗಳಿಗೆ ಸೆಳೆತ ಬರುತ್ತೆ ಅಂತ 1878ರ ತಮ್ಮ ಪುಸ್ತಕದಲ್ಲಿ ದಾಖಲಿಸಿದರು. 1899ರಲ್ಲಿ ಬ್ರಿಟನ್ನಿನ ಲೊರೇನ್ ಸ್ಮಿತ್, ಕಡಿಮೆ ಒತ್ತಡದಲ್ಲೂ ಹೆಚ್ಚು ಹೊತ್ತು ಉಸಿರಾಡಿದರೆ ಶ್ವಾಸಕೋಶ ಕೆಡುತ್ತೆ ಅಂತ ತೋರಿಸಿದರು. ಸರಿ, ಮನುಷ್ಯ ಎಷ್ಟು ತಡೀತಾನೆ? ಆ ಲೆಕ್ಕ ಕೇಳಿದ್ದು ಯುದ್ಧ.

1941ರ ಡಿಸೆಂಬರ್. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರು. ಟಾರ್ಪಿಡೋ ಮೇಲೆ ಸವಾರಿ ಮಾಡಿಕೊಂಡು ಕತ್ತಲಲ್ಲಿ ನುಗ್ಗಿದ ಇಟಲಿಯ ಡೈವರ್‌ಗಳು ಬ್ರಿಟನ್ನಿನ ಎರಡು ಯುದ್ಧನೌಕೆಗಳನ್ನು ಮೂಲೆಗೆ ಕೂರಿಸಿದರು. ಗುಳ್ಳೆ ಮೇಲೆ ಬರಬಾರದು, ಶತ್ರುವಿಗೆ ಸುಳಿವು ಸಿಗಬಾರದು. ಹಾಗಾಗಿ ಅವರು ಉಸಿರಾಡಿದ್ದು ಶುದ್ಧ ಆಕ್ಸಿಜನ್. ಬ್ರಿಟನ್ ಕೂಡ ಅಂಥದ್ದೇ ಪಡೆ ಕಟ್ಟಲು ಹೊರಟಿತು. ತರಬೇತಿಯಲ್ಲೇ ಹುಡುಗರು ನೀರಿನಡಿ ಪ್ರಜ್ಞೆ ತಪ್ಪತೊಡಗಿದರು.

ಕಾರಣ ಹುಡುಕುವ ಹೊಣೆ ನೌಕಾಪಡೆಯ ವೈದ್ಯ ಕೆನೆತ್ ಡೊನಾಲ್ಡ್ ಹೆಗಲಿಗೆ ಬಿತ್ತು. 2,000ಕ್ಕೂ ಹೆಚ್ಚು ಪ್ರಯೋಗ. ಸ್ವಯಂಸೇವಕರು ಆಕ್ಸಿಜನ್ ಎಳೆದುಕೊಳ್ಳುತ್ತಾ ಕೂರಬೇಕು, ತುಟಿ ಅದುರುವವರೆಗೆ, ತಲೆ ತಿರುಗುವವರೆಗೆ, ಕೆಲವೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ ಫಿಟ್ಸ್ ಬರುವವರೆಗೆ. ಒಬ್ಬ ಡೈವರ್‌ನನ್ನು 90 ದಿನಗಳಲ್ಲಿ 20 ಸಲ ಒಂದೇ ಆಳಕ್ಕೆ, 70 ಅಡಿಗೆ ಇಳಿಸಿದರು. ಒಂದು ದಿನ 7 ನಿಮಿಷಕ್ಕೇ ಲಕ್ಷಣ ಕಾಣಿಸಿತು. ಇನ್ನೊಂದು ದಿನ 148 ನಿಮಿಷ ತಡೆದ!

ಎಂಜಿನಿಯರಿಂಗ್ ಓದಿದ ನನಗೆ ಈ ಅಂಕಿ ನೋಡಿದರೆ ಈಗಲೂ ಬೆಚ್ಚಿಬೀಳುವಂತಾಗುತ್ತೆ. ಕಬ್ಬಿಣದ ಸರಳು ಎಷ್ಟು ಭಾರಕ್ಕೆ ಮುರಿಯುತ್ತೆ ಅಂತ ಲ್ಯಾಬ್‌ನಲ್ಲಿ ಅಳೆದು, ಫ್ಯಾಕ್ಟರ್ ಆಫ್ ಸೇಫ್ಟಿ ಹಾಕಿ ಸೇತುವೆ ಕಟ್ಟಬಹುದು. ಸರಳು ಇವತ್ತು 7ಕ್ಕೆ, ನಾಳೆ 148ಕ್ಕೆ ಮುರಿಯಲ್ಲ. ಮನುಷ್ಯನ ಮೆದುಳು ಹಾಗೆ ಮಾಡುತ್ತೆ. ಅದೂ ಒಣ ಚೇಂಬರ್‌ಗಿಂತ ನೀರಿನಲ್ಲಿ ಬೇಗ, ಸುಮ್ಮನಿದ್ದಾಗಿಗಿಂತ ದುಡಿಯುವಾಗ ಇನ್ನೂ ಬೇಗ. ಶುದ್ಧ ಆಕ್ಸಿಜನ್‌ನೊಂದಿಗೆ 25 ಅಡಿ ದಾಟುವುದು ಅಪಾಯ ಅನ್ನೋದು ಡೊನಾಲ್ಡ್ ತೀರ್ಮಾನ. 1947ರಲ್ಲಿ ಎಲ್ಲವೂ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಈ ಕಥೆಯಲ್ಲಿ ನಮಗೆ ಹತ್ತಿರದವರೊಬ್ಬರಿದ್ದಾರೆ, ಜೆ.ಬಿ.ಎಸ್. ಹಾಲ್ಡೇನ್. 1939ರಲ್ಲಿ ಥೀಟಿಸ್ ಜಲಾಂತರ್ಗಾಮಿ ಮುಳುಗಿ 99 ಮಂದಿ ಸತ್ತ ಮೇಲೆ ತಮ್ಮ ಮೈಮೇಲೇ ಪ್ರಯೋಗ ಮಾಡಿಕೊಂಡ ವಿಜ್ಞಾನಿ. ಆಕ್ಸಿಜನ್ ತಂದ ಸೆಳೆತಕ್ಕೆ ಅವರ ಬೆನ್ನುಮೂಳೆಯೇ ಜಖಂ ಆಯಿತು. ಮುಂದೆ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿನ ಪೌರರಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಈಗ ನೈಟ್ರಾಕ್ಸ್‌ಗೆ ಬರೋಣ. ಗಾಳಿಯಲ್ಲಿ ಆಕ್ಸಿಜನ್ ಸುಮಾರು 21%. ಅದನ್ನು 32%ಗೋ 36%ಗೋ ಏರಿಸಿದರೆ ಅಷ್ಟರಮಟ್ಟಿಗೆ ನೈಟ್ರೋಜನ್ ಕಡಿಮೆ. ದೇಹದಲ್ಲಿ ಕರಗಿ, ಮೇಲೆ ಬರುವಾಗ ಗುಳ್ಳೆಯಾಗಿ ಕಾಡುವುದು ಈ ನೈಟ್ರೋಜನ್. ಅದು ಕಡಿಮೆಯಾದರೆ ಕೆಳಗೆ ಹೆಚ್ಚು ಹೊತ್ತು ಇರಬಹುದು. ಲಾಭ ಅದು. ಬೆಲೆ? ಆಳಕ್ಕೆ ಮಿತಿ.

ಲೆಕ್ಕ ಸುಲಭ. ಪ್ರತಿ 10 ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತೆ. 40 ಮೀಟರ್‌ನಲ್ಲಿ ಒಟ್ಟು 5. ಅದರ 32% ಅಂದರೆ 1.6. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ ತನ್ನ ಕೋಷ್ಟಕದಲ್ಲಿ 1.6ಕ್ಕೆ ಕೊಟ್ಟಿದ್ದು 45 ನಿಮಿಷ, 1.4ಕ್ಕೆ ಇಳಿದರೆ 150 ನಿಮಿಷ. ಹವ್ಯಾಸಿಗಳು 1.4ರಲ್ಲೇ ನಿಲ್ಲಬೇಕು, 1.6 ತುರ್ತಿಗೆ ಮಾತ್ರ ಅನ್ನೋದು ಇವತ್ತಿನ ಪಾಠ. ಅಂದರೆ 32%ರಲ್ಲಿ ಸುಮಾರು 34 ಮೀಟರ್. ಅದರಾಚೆ ಹೋಗಬೇಡಿ.

ನೋವಾದ ಮಾರ್ಗನ್ ವೆಲ್ಸ್ 1970ರ ದಶಕದಲ್ಲಿ ರೂಪಿಸಿದ ಈ ವಿದ್ಯೆಯನ್ನು ಅಲ್ಲಿಂದ ನಿವೃತ್ತರಾದ ಡಿಕ್ ರಟ್ಕೌಸ್ಕಿ 1985ರಲ್ಲಿ ಹವ್ಯಾಸಿಗಳಿಗೆ ಕಲಿಸಲು ಹೊರಟರು. ಶುರುವಾಯ್ತು ಗಲಾಟೆ! ಭೂತದ ಅನಿಲ ಅಂತ ಜರೆದರು. 1991ರಲ್ಲಿ ಅಮೆರಿಕದ ಡೈವಿಂಗ್ ಉದ್ಯಮದ ದೊಡ್ಡ ಪ್ರದರ್ಶನದಿಂದ ನೈಟ್ರಾಕ್ಸ್ ಕಲಿಸುವವರನ್ನೇ ಹೊರಗಿಡಲು ಹೊರಟರು. ವಿರೋಧ ಬಂದಾಗ ಹಿಂದೆ ಸರಿದರು. 90ರ ದಶಕದ ಮಧ್ಯದ ಹೊತ್ತಿಗೆ ದೊಡ್ಡ ತರಬೇತಿ ಸಂಸ್ಥೆಗಳೂ ಅದನ್ನೇ ಪಾಠ ಮಾಡತೊಡಗಿದವು.

ಹೆದರಿದವರು ಮೂರ್ಖರೇನಲ್ಲ. 7 ಮತ್ತು 148ರ ಅಂತರ ನೋಡಿದ ಯಾರಿಗೇ ಆದರೂ ಭಯ ಸಹಜ. ಆದರೆ ನಿಷೇಧ ಮಾಡಿದರೆ ಜನ ಕದ್ದು ಇಳೀತಾರೆ, ಲೆಕ್ಕ ತಿಳಿಯದೆ ಇಳೀತಾರೆ. ಕಲಿಸಿದರೆ ಅಳೆದು ಇಳೀತಾರೆ. ಹಾಗಾಗಿಯೇ ನೈಟ್ರಾಕ್ಸ್ ಡೈವರ್‌ಗೆ ಇರುವ ಮೊದಲ ನಿಯಮ: ತುಂಬಿಕೊಟ್ಟವನ ಮಾತು ನಂಬಬೇಡ, ನಿನ್ನ ಸಿಲಿಂಡರ್‌ನಲ್ಲಿ ಎಷ್ಟು ಆಕ್ಸಿಜನ್ ಇದೆ ಅಂತ ನೀನೇ ಮೀಟರ್ ಹಿಡಿದು ನೋಡು, ಎಷ್ಟು ಆಳಕ್ಕೆ ಹೋಗಬಹುದು ಅಂತ ಅದರ ಮೇಲೆ ನೀನೇ ಬರೆ.

ಒಂದು ಮಾತು ನೆನಪಿರಲಿ. 1.4ರೊಳಗೆ ಇದ್ದರೆ ಏನೂ ಆಗಲ್ಲ ಅಂತ ಯಾವ ಕೋಷ್ಟಕವೂ ಗ್ಯಾರಂಟಿ ಕೊಡಲ್ಲ. ಅಪಾಯ ಕಡಿಮೆ ಅನ್ನುತ್ತೆ, ಅಷ್ಟೇ. ಆ ಒಂದು ಅಂಕಿಯ ಹಿಂದೆ ಯುದ್ಧಕಾಲದಲ್ಲಿ ಮತ್ತೆ ಮತ್ತೆ ನೀರಿಗಿಳಿದು ಸೆಳೆತಕ್ಕೆ ಮೈಯೊಡ್ಡಿದ ಹುಡುಗರಿದ್ದಾರೆ. ಅವರ ಹೆಸರು ಕೋಷ್ಟಕದಲ್ಲಿಲ್ಲ. ಅವರು ಎಳೆದ ಗೆರೆ ಮಾತ್ರ ಇದೆ. ದಾಟಬೇಡಿ.