ಉದ್ದ ಕಾಲಿನ ‘ದೈತ್ಯ ಸೊಳ್ಳೆ’ ಕಚ್ಚಿದರೆ ಡೆಂಗಿ ಬರುತ್ತದೆಯೇ?

ಮಳೆಗಾಲದಲ್ಲಿ ಸರಗೂರು, ಎಚ್.ಡಿ. ಕೋಟೆ ಕಡೆಯ ಗದ್ದೆ ಬದು, ಕಾಲುವೆ ದಂಡೆ, ಕಾಡಂಚಿನ ಮನೆಗಳ ಗೋಡೆ ಮೇಲೆ ಸೊಳ್ಳೆಯ ಐದಾರು ಪಟ್ಟು ದೊಡ್ಡದಾದ, ಉದ್ದುದ್ದ ಕಾಲಿನ ಕೀಟವೊಂದು ಕಾಣಿಸಬಹುದು. ಅದರ ಫೋಟೋ ಜೊತೆ ‘ಹೊಸ ತಳಿ ಸೊಳ್ಳೆ, ಕಚ್ಚಿದರೆ ಡೆಂಗಿ’ ಎಂಬ ಸಂದೇಶ ನಿಮಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಇದು ಯಾವ ಕೀಟ?

ಇದು ಸೊಳ್ಳೆಯಲ್ಲ, ಕ್ರೇನ್ ಫ್ಲೈ ಎಂಬ ನೊಣ. ಹೊಸದೂ ಅಲ್ಲ. ಜಗತ್ತಿನಲ್ಲಿ ಇದರ 15,000ಕ್ಕೂ ಹೆಚ್ಚು ಪ್ರಭೇದಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಸೊಳ್ಳೆ ಮತ್ತು ನೊಣ ಒಂದೇ ಬಳಗದವು. ಎರಡಕ್ಕೂ ಇರುವುದು ಒಂದೇ ಜೊತೆ ರೆಕ್ಕೆ. ಗೊಂದಲಕ್ಕೆ ಈ ನೆಂಟಸ್ತನವೇ ಕಾರಣ.

ಗುರುತಿಸುವುದು ಹೇಗೆ?

• ಬಾಯಿ ನೋಡಿ. ಸೊಳ್ಳೆಗೆ ಸೂಜಿಯಂಥ ಉದ್ದ ಕೊಳವೆ ಇರುತ್ತದೆ, ಇದಕ್ಕಿಲ್ಲ.
• ಬೆನ್ನ ಮೇಲೆ ಇಂಗ್ಲಿಷಿನ ‘ವಿ’ ಆಕಾರದ ಗೆರೆ ಇರುತ್ತದೆ.
• ರೆಕ್ಕೆಯ ಹಿಂದೆ ಗುಂಡುಸೂಜಿಯಂಥ ಎರಡು ಪುಟ್ಟ ಕಡ್ಡಿಗಳಿರುತ್ತವೆ. ಹಾರುವಾಗ ಸಮತೋಲನಕ್ಕೆ ಇವು ಬೇಕು. ಸೊಳ್ಳೆಗೂ ಇವು ಇವೆ, ಆದರೆ ಇದರಲ್ಲಿ ಬರಿಗಣ್ಣಿಗೇ ಕಾಣುತ್ತವೆ.
• ಕಾಲು ಮುಟ್ಟಿದರೆ ಸಾಕು, ಕಳಚಿ ಬೀಳುತ್ತದೆ.

ಕಚ್ಚುತ್ತದೆಯೇ?

ಇಲ್ಲ. ರಕ್ತ ಹೀರುವ ಅಂಗವೇ ಇದಕ್ಕಿಲ್ಲ, ಹಾಗಾಗಿ ಡೆಂಗಿ ಹರಡಲಾರದು. ಹೆಣ್ಣಿನ ಬಾಲದ ಚೂಪು ತುದಿ ಕೊಂಡಿಯಲ್ಲ, ಮೊಟ್ಟೆ ಇಡುವ ಅಂಗ. ‘ಇದು ಸೊಳ್ಳೆಗಳನ್ನು ತಿನ್ನುತ್ತದೆ’ ಎಂಬ ಇನ್ನೊಂದು ಸಂದೇಶವೂ ಸುಳ್ಳು. ಇದರ ಮರಿಹುಳುಗಳಲ್ಲಿ ಹೆಚ್ಚಿನವು ತೇವದ ಮಣ್ಣಿನಲ್ಲಿ, ಕೊಳೆತ ಎಲೆಗಳ ನಡುವೆ ಬೆಳೆಯುತ್ತವೆ.

ಹಾಗಾದರೆ ಹೆದರಬೇಕಾದ್ದು ಯಾವುದಕ್ಕೆ?

ಡೆಂಗಿ ಹರಡುವುದು ಈಡಿಸ್ ಸೊಳ್ಳೆ. ಗಾತ್ರದಲ್ಲಿ ಪುಟ್ಟದು; ಕಪ್ಪು ಮೈ, ಕಾಲಲ್ಲಿ ಬಿಳಿ ಪಟ್ಟೆ. ಕಚ್ಚುವುದು ಹೆಚ್ಚಾಗಿ ಹಗಲಲ್ಲಿ. ಅದು ಹುಟ್ಟುವುದು ಹೆಚ್ಚಾಗಿ ನಮ್ಮ ಮನೆಯ ಡ್ರಮ್ಮು, ತೊಟ್ಟಿ, ಹಳೇ ಟೈರು, ತೆಂಗಿನ ಚಿಪ್ಪಿನಲ್ಲಿ ನಿಂತ ನೀರಿನಲ್ಲಿ. ಗೋಡೆ ಮೇಲಿನ ನೊಣವನ್ನು ಅಟ್ಟಿಸಿಕೊಂಡು ಹೋಗಿ ಹಿತ್ತಲಿನ ಡ್ರಮ್ಮನ್ನು ಮರೆತರೆ ಅಪಾಯ ಹಾಗೇ ಉಳಿಯುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ನಿಗದಿ ಮಾಡಿತು.

ಮೊಟ್ಟೆ ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿ ಖಾಲಿ ಮಾಡಿ, ಉಜ್ಜಿ ತೊಳೆದು, ಮುಚ್ಚಿಡಿ. ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಬಂದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ವೈದ್ಯರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆ ನುಂಗಬೇಡಿ. ಡೆಂಗಿಯಿದ್ದರೆ ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ನಮ್ಮ ತೀರ್ಮಾನ: ‘ದೈತ್ಯ ಸೊಳ್ಳೆ’ಯಿಂದ ಡೆಂಗಿ ಎಂಬ ಮಾತು ಸುಳ್ಳು. ಚಿತ್ರದಲ್ಲಿರುವುದು ನಿರುಪದ್ರವಿ ಕ್ರೇನ್ ಫ್ಲೈ.